ಹುತ್ತದ ಅಣಬೆ: ಗೆದ್ದಲಿನ ಬೆಳೆ, ಮಲೆನಾಡಿನ ಊಟ

ಮೂಡಿಗೆರೆ ಸೀಮೆಯ ನಮ್ಮ ತೋಟದ ಮೇಲಿನ ಬರೆಯಲ್ಲಿ, ಹಳೆಯ ಹಲಸಿನ ಮರದಿಂದ ಹತ್ತು ಹೆಜ್ಜೆ ಆಚೆ, ಪ್ರತಿ ವರ್ಷ ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತಿಗೆ ನೆಲ ಸಣ್ಣಗೆ ಬಿರಿಯುತ್ತದೆ. ದರಗಿನ ಅಡಿಯಲ್ಲಿ ಬೆರಳ ತುದಿಯಷ್ಟು ಮಣ್ಣು ಉಬ್ಬಿ, ಮರುದಿನ ಬೆಳಗಾಗುವಷ್ಟರಲ್ಲಿ ಆ ಬಿರುಕುಗಳಿಂದ ಬೂದುಗಂದು ಬಣ್ಣದ, ತುದಿ ಚೂಪಾದ ಮೊಗ್ಗುಗಳು ಹತ್ತಾರು ಎದ್ದು ನಿಂತಿರುತ್ತವೆ. ಅಮ್ಮ ಅವನ್ನು ಎಂದೂ ಹಿಡಿದು ಎಳೆಯುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕತ್ತಿಯ ಮೊನೆಯಿಂದ ಸುತ್ತಲಿನ ಮಣ್ಣನ್ನು ಬಿಡಿಸುತ್ತಾ, ಗುಂಪಿನಲ್ಲಿ ಒಂದನ್ನಾದರೂ ಬುಡದವರೆಗೆ ಅಗೆದು ನೋಡುತ್ತಾರೆ. ನೆಲದ ಮೇಲೆ ಗೇಣುದ್ದ ಕಾಣುವ ಅಣಬೆಯ ಕಾಲು ನೆಲದ ಒಳಗೆ ಮತ್ತೆ ಒಂದು ಮೊಳದಷ್ಟು ಇಳಿದಿರುತ್ತದೆ. ಇಳಿಯುತ್ತಾ ಇಳಿಯುತ್ತಾ ಸಪೂರವಾಗಿ, ಕಪ್ಪು ಸಿಪ್ಪೆಯ ಬೇರಿನಂತಾಗಿ, ಕೊನೆಗೆ ಒಂದು ಟೊಳ್ಳಿನ ಬಾಯಲ್ಲಿ ಪಟಕ್ಕನೆ ಮುರಿಯುತ್ತದೆ. ಆ ಟೊಳ್ಳಿನಿಂದ ನಾಲ್ಕಾರು ಒರಲೆ ಹುಳುಗಳು ಹೊರಬಂದರೆ ಅಮ್ಮ ಕತ್ತಿ ಕೆಳಗಿಟ್ಟು, ಇನ್ನು ಕೀಳಬಹುದು ಎಂದು ನನಗೆ ಕಣ್ಣಲ್ಲೇ ಹೇಳುತ್ತಾರೆ.

ಈ ಅಣಬೆಯ ರುಚಿ, ಅದಕ್ಕೆ ಮನೆಮದ್ದಿನಲ್ಲಿರುವ ಹೆಸರು, ಅದನ್ನು ನಂಬುವ ಬಗೆ, ಅದು ಕಡಿಮೆಯಾಗುತ್ತಿರುವ ಕಾರಣ, ಇವೆಲ್ಲವೂ ಆ ಟೊಳ್ಳಿನಲ್ಲಿವೆ. ನೆಲದ ಮೇಲಿನ ಕೊಡೆಯನ್ನಷ್ಟೇ ನೋಡಿದರೆ ಹುತ್ತದ ಅಣಬೆಯ ಕಾಲುಭಾಗವೂ ಅರ್ಥವಾಗುವುದಿಲ್ಲ. ಆದ್ದರಿಂದ ಅಡುಗೆಮನೆಗೆ ಹೋಗುವ ಮೊದಲು ಮಣ್ಣಿನೊಳಗೆ ಹೋಗಬೇಕು.

ನಮ್ಮಲ್ಲಿ ಅಣಬೆ ಎಂಬುದು ತಿನ್ನುವಂಥದ್ದಕ್ಕೆ, ನಾಯಿಕೊಡೆ ಎಂಬುದು ತಿನ್ನಬಾರದ್ದಕ್ಕೆ ಇಟ್ಟ ಹೆಸರು. ಕೊಡಗಿನವರು ಕುಮ್ಮು ಎನ್ನುತ್ತಾರೆ, ಘಟ್ಟದ ಕೆಳಗೆ ತುಳುವರು ಲಾಂಬು ಎನ್ನುತ್ತಾರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ತಾಲ್ಲೂಕುಗಳಲ್ಲಿ ಮಳೆಗಾಲದ ಅಣಬೆ ಎಂದರೆ ಮೊದಲು ನೆನಪಾಗುವುದು ಹುತ್ತದ ಅಣಬೆಯೇ. ವಿಜ್ಞಾನದಲ್ಲಿ ಈ ಕುಲದ ಹೆಸರು ಟರ್ಮಿಟೊಮೈಸಿಸ್, ಅಂದರೆ ಗೆದ್ದಲಿನ ಶಿಲೀಂಧ್ರ. ಫ್ರಾನ್ಸಿನ ಶಿಲೀಂಧ್ರ ತಜ್ಞ ರೋಜರ್ ಹೈಮ್ 1942ರಲ್ಲಿ ಈ ಹೆಸರನ್ನು ಕೊಟ್ಟರು. ದಕ್ಷಿಣ ಭಾರತದ ಒಂದು ಜಾತಿಗೆ 1979ರಲ್ಲಿ ಅವರದೇ ಹೆಸರನ್ನು ಸೇರಿಸಿ ಟರ್ಮಿಟೊಮೈಸಿಸ್ ಹೈಮಿ ಎಂದು ಕರೆಯಲಾಯಿತು. ಆದರೆ ಗೆದ್ದಲಿನ ಗೂಡಿನೊಳಗೆ ಶಿಲೀಂಧ್ರವಿದೆ ಎಂಬುದನ್ನು ಬರಹದಲ್ಲಿ ದಾಖಲಿಸಿದ್ದು ಅದಕ್ಕಿಂತ ಬಹಳ ಹಿಂದೆ, 1779ರಲ್ಲಿ. ತಂಜಾವೂರಿನ ಸೀಮೆಯಲ್ಲಿ ಹುತ್ತಗಳನ್ನು ಅಗೆದು ನೋಡಿದ ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬ ನಿಸರ್ಗತಜ್ಞ ಆ ದಾಖಲೆಯನ್ನು ಬರೆದವರು. ಅಣಬೆ ಕೀಳಲು ಹೋಗುವ ನಮ್ಮ ಹಳ್ಳಿಯ ಹೆಂಗಸರಿಗೆ ಈ ಸಂಗತಿ ಅದಕ್ಕೂ ಮೊದಲೇ ಗೊತ್ತಿತ್ತೆಂದು ಹೇಳಲು ಆ ಹೆಸರೇ ಸಾಕು: ಹುತ್ತದ ಅಣಬೆ.

ಗೆದ್ದಲು ಒಣಸೊಪ್ಪು, ಕಡ್ಡಿ, ಉದುರಿದ ಎಲೆ, ಒಣಹುಲ್ಲು ಇವನ್ನೆಲ್ಲ ಕೊರೆದು ಗೂಡಿಗೆ ಸಾಗಿಸುತ್ತದೆ. ಮರವನ್ನು ಮರವಾಗಿಸುವ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವನ್ನು ಜೀರ್ಣಿಸಿಕೊಳ್ಳುವುದು ಬಹುಪಾಲು ಪ್ರಾಣಿಗಳಿಗೆ ಅಸಾಧ್ಯ; ನಮ್ಮ ಸೀಮೆಯ ಹುತ್ತ ಕಟ್ಟುವ ಗೆದ್ದಲು ಆ ಕೆಲಸವನ್ನು ಶಿಲೀಂಧ್ರಕ್ಕೆ ವಹಿಸಿದೆ. ಎಳೆಯ ಕೆಲಸಗಾರ ಹುಳುಗಳು ತಂದ ಸೊಪ್ಪನ್ನು ಶಿಲೀಂಧ್ರದ ಬೀಜಕಣಗಳೊಂದಿಗೆ ತಿಂದು, ಅರೆಜೀರ್ಣವಾದ ಹಿಕ್ಕೆಯನ್ನು ಗುಳಿಗೆ ಗುಳಿಗೆಯಾಗಿ ಒಂದರ ಮೇಲೊಂದು ಒತ್ತಿ, ಜೇನುತಟ್ಟಿಯನ್ನು ಹೋಲುವ ಕಂದು ಬಣ್ಣದ ಹಗುರವಾದ ತಟ್ಟಿಯನ್ನು ಕಟ್ಟುತ್ತವೆ. ಆ ತಟ್ಟಿಯ ತುಂಬ ಶಿಲೀಂಧ್ರದ ಎಳೆಗಳು ಹರಡಿ, ಸೊಪ್ಪಿನ ಗಟ್ಟಿತನವನ್ನು ಕರಗಿಸುತ್ತವೆ. ಕೆಲವು ದಿನಗಳಲ್ಲಿ ತಟ್ಟಿಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿ ಮುತ್ತುಗಳು ಮೂಡುತ್ತವೆ. ಗೆದ್ದಲಿಗೆ ಅವೇ ಪೌಷ್ಟಿಕ ಆಹಾರ. ಅವುಗಳಲ್ಲಿರುವ ಬೀಜಕಣಗಳು ಹುಳುವಿನ ಹೊಟ್ಟೆಯಲ್ಲಿ ಸಾಯದೆ ಮತ್ತೆ ಹೊಸ ತಟ್ಟಿಯನ್ನು ಸೇರುತ್ತವೆ. ಮೇಲಿಂದ ಹೊಸದು ಸೇರುತ್ತಾ, ಕೆಳಗಿಂದ ಹಳೆಯದನ್ನು ತಿನ್ನುತ್ತಾ ಈ ತಟ್ಟಿ ಸದಾ ನವೀಕರಣವಾಗುತ್ತಿರುತ್ತದೆ. ಗೂಡಿನೊಳಗಿನ ಬಿಸಿ ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದು ತೇವ ಬಿಡದಂತೆ ಇರುವುದರಿಂದಲೇ ಈ ಕೃಷಿ ನಡೆಯುತ್ತದೆ.

ಗೆದ್ದಲು ಮತ್ತು ಈ ಶಿಲೀಂಧ್ರದ ಒಡನಾಟ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತೆಂದು ವಂಶವಾಹಿಗಳ ಅಧ್ಯಯನಗಳು ತೋರಿಸುತ್ತವೆ. ಮನುಷ್ಯ ಬೆಳೆ ಬೆಳೆಯಲು ಕಲಿತು ಹತ್ತು ಹನ್ನೆರಡು ಸಾವಿರ ವರ್ಷಗಳಾಗಿವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನಾವು ಕಿತ್ತು ತರುವುದು ಕಾಡಿನಲ್ಲಿ ತಾನಾಗಿ ಹುಟ್ಟಿದ ಪದಾರ್ಥವನ್ನಲ್ಲ, ಬಹಳ ಹಳೆಯ ರೈತನೊಬ್ಬನ ಬೆಳೆಯನ್ನು ಎಂಬುದು ಸ್ಪಷ್ಟವಾಗುತ್ತದೆ. ಚಿಪ್ಪು ಅಣಬೆಯನ್ನು ಭತ್ತದ ಹುಲ್ಲಿನಲ್ಲಿ ಯಾರು ಬೇಕಾದರೂ ಬೆಳೆಯಬಹುದು. ಹುತ್ತದ ಅಣಬೆಯನ್ನು ಗೆದ್ದಲಿಲ್ಲದೆ ಮಾರುಕಟ್ಟೆಗಾಗುವಷ್ಟು ಬೆಳೆಯುವುದು ಇನ್ನೂ ಕೈಗೂಡಿಲ್ಲ. ಪ್ರಯೋಗಶಾಲೆಯ ತಟ್ಟೆಯಲ್ಲಿ ಎಳೆಗಳು ಬೆಳೆಯುತ್ತವೆ; ಕೊಡೆ ಏಳುವುದಿಲ್ಲ.

ಮಳೆ ಬಿದ್ದು ನೆಲ ತಂಪಾದಾಗ ತಟ್ಟಿಯಿಂದ ಹೊರಟ ಅಣಬೆಯ ಮೊಗ್ಗು ಗಟ್ಟಿಮಣ್ಣನ್ನು ಕೊರೆದು ಮೇಲೆ ಬರಬೇಕು. ಅದರ ನೆತ್ತಿ ಚೂಪಾಗಿ, ಗಟ್ಟಿಯಾಗಿ ಇರುವುದು ಅದಕ್ಕಾಗಿಯೇ. ಕೊಡೆ ಅರಳಿದ ಮೇಲೂ ನಡುವೆ ಕಪ್ಪಗೆ ಉಳಿಯುವ ಆ ಮೊಲೆತೊಟ್ಟಿನಂಥ ಗುಬುಟು ಹುತ್ತದ ಅಣಬೆಯ ಮುಖ್ಯ ಗುರುತು. ಹುತ್ತ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ನೆಲದ ಅಡಿಯಲ್ಲೇ ಗೂಡು ಮಾಡಿಕೊಂಡಿರುವ ಗೆದ್ದಲೂ ಇರುವುದರಿಂದ, ಸಮತಟ್ಟಾದ ಕಾಫಿ ತೋಟದ ನಡುವೆಯೂ ಅಣಬೆ ಏಳುತ್ತದೆ. ಪ್ರತಿ ವರ್ಷ ಅದೇ ಜಾಗದಲ್ಲಿ ಏಳುವುದು ಅಲ್ಲಿ ಅದೇ ಗೂಡು ಜೀವಂತವಾಗಿರುವುದರಿಂದ. ಅಕ್ಕಿ ಅಣಬೆಯದು ಮಾತ್ರ ಬೇರೆ ಕ್ರಮ. ಉಗುರಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಕೊಡೆಗಳು ನೂರಾರು, ಚೆಲ್ಲಿದ ಅಕ್ಕಿಯಂತೆ ನೆಲ ತುಂಬುತ್ತವೆ. ಅವಕ್ಕೆ ಉದ್ದನೆಯ ಬೇರಿಲ್ಲ, ಏಕೆಂದರೆ ಗೆದ್ದಲು ಹಳೆಯ ತಟ್ಟಿಯ ಚೂರುಗಳನ್ನು ತಾನೇ ಮೇಲೆ ತಂದು ಹರಡಿದ ಜಾಗದಲ್ಲಿ ಅವು ಹುಟ್ಟುತ್ತವೆ.

ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ಗುಡುಗು ಮಳೆಯನ್ನು ತರುವುದರಿಂದ ಈ ನಂಬಿಕೆ ಬಂದಿರಬಹುದೆಂದು ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಸಂಶೋಧಕರು ಶಿಟಾಕೆ ಮುಂತಾದ ಸಾಗುವಳಿ ಅಣಬೆಗಳ ದಿಮ್ಮಿಗಳಿಗೆ ಕ್ಷಣಮಾತ್ರದ ಅಧಿಕ ವೋಲ್ಟೇಜ್ ವಿದ್ಯುತ್ ಹಾಯಿಸಿ, ಇಳುವರಿ ಹೆಚ್ಚುವುದನ್ನು ತೋರಿಸಿದ್ದಾರೆ. ಆ ಫಲಿತಾಂಶ ಹುತ್ತದ ಅಣಬೆಗೂ ಹೊಂದುತ್ತದೆಂದು ಅದರಿಂದ ಹೇಳಲಾಗದು. ಹಳೆಯ ಮಾತನ್ನು ಬರೀ ಕಲ್ಪನೆಯೆಂದು ತಳ್ಳಿಹಾಕಬಾರದೆಂಬಷ್ಟು ಮಾತ್ರ ಹೇಳಬಹುದು.

ಅಡುಗೆಮನೆಯ ಕೆಲಸ ಮಣ್ಣು ಬಿಡಿಸುವುದರಿಂದ ಆರಂಭವಾಗುತ್ತದೆ. ಬೇರಿನ ಕಪ್ಪು ಭಾಗವನ್ನು ಕೊಯ್ದು, ಕಾಲಿನ ಸಿಪ್ಪೆಯನ್ನು ಬುಡದಿಂದ ಮೇಲಕ್ಕೆ ಸುಲಿದು, ಕೊಡೆಯ ಅಡಿಯ ಪದರಗಳಲ್ಲಿ ಹುಳು ಇದೆಯೇ ಎಂದು ನೋಡಿ, ಅರಿಶಿನ ಮತ್ತು ಉಪ್ಪು ಹಾಕಿದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತಾರೆ. ನೆನೆಯಲು ಬಿಡಬಾರದು. ಹಸಿ ಅಣಬೆಯ ತೂಕದಲ್ಲಿ ಹತ್ತಿರ ಹತ್ತಿರ ಶೇ 90ರಷ್ಟು ನೀರೇ ಇರುವುದರಿಂದ, ಮತ್ತೆ ನೀರು ಕುಡಿಸಿದರೆ ಪರಿಮಳ ಹೋಗಿ ಚಪ್ಪೆಯಾಗುತ್ತದೆ. ಚಾಕುವಿನಿಂದ ಹೆಚ್ಚುವುದಕ್ಕಿಂತ ಕೈಯಲ್ಲೇ ಉದ್ದುದ್ದ ಸೀಳುವುದು ವಾಡಿಕೆ. ಹುತ್ತದ ಅಣಬೆಯ ಕಾಲು ನಾರುನಾರಾಗಿ, ಬೇಯಿಸಿದ ನಾಟಿಕೋಳಿಯ ಮಾಂಸದ ಎಳೆಯಂತೆ ಸೀಳಿಕೊಳ್ಳುತ್ತದೆ.

ಸೀಳಿದ ಅಣಬೆಯನ್ನು ನೀರು ಹಾಕದೆ ದಪ್ಪತಳದ ಪಾತ್ರೆಗೆ ಹಾಕಿ, ಉಪ್ಪು ಉದುರಿಸಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ತನ್ನ ನೀರನ್ನೇ ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ. ಆ ನೀರನ್ನು ಚೆಲ್ಲುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಅಣಬೆಯ ರುಚಿಯ ತಿರುಳಾದ ಗ್ಲುಟಮೇಟ್ ಮತ್ತು ಗ್ವಾನಿಲೇಟ್ ಎಂಬ ಪದಾರ್ಥಗಳು ನೀರಿನಲ್ಲಿ ಕರಗುವಂಥವು. ಇವೆರಡೂ ಒಟ್ಟಿಗೆ ಇದ್ದಾಗ ನಾಲಿಗೆಗೆ ಸಿಗುವ ಮಾಂಸದಂಥ ಗಾಢ ರುಚಿ, ಬೇರೆ ಬೇರೆಯಾಗಿ ಇದ್ದಾಗ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಸಾರಿಗೆ ಹುರಿದ ಕೊತ್ತಂಬರಿ, ಕಾಳುಮೆಣಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿತುರಿ ರುಬ್ಬಿ ಹಾಕುತ್ತಾರೆ. ಹುಳಿಗೆ ಹುಣಸೆಗಿಂತ ಉಪ್ಪಾಗೆಯ ಹುಳಿ ಒಪ್ಪುತ್ತದೆ. ಅದೂ ಒಂದು ತುಣುಕು ಮಾತ್ರ. ಜೊತೆಗೆ ಬಿಸಿ ಕಡುಬು ಅಥವಾ ಅಕ್ಕಿರೊಟ್ಟಿ. ಬೇಲೂರು, ಆಲೂರಿನ ಬಯಲಿನ ಅಂಚಿಗೆ ಬಂದರೆ ಇದೇ ಸಾರು ಮುದ್ದೆಯ ಜೊತೆ ಬರುತ್ತದೆ. ಅರಳಿದ ದೊಡ್ಡ ಕೊಡೆ ಸಿಕ್ಕಾಗ ಅದಕ್ಕೆ ಉಪ್ಪು, ಜೀರಿಗೆಮೆಣಸು, ತುಸು ತೆಂಗಿನೆಣ್ಣೆ ಸವರಿ, ಬಾಳೆಲೆಯಲ್ಲಿ ಸುತ್ತಿ, ಒಲೆಯ ಬದಿಯ ಕೆಂಡದಲ್ಲಿ ಹೂತಿಡುತ್ತಾರೆ. ಎಲೆ ಕರಿಕಾಗಿ ಅಂಚು ಸುರುಟಿಕೊಂಡಾಗ ತೆಗೆದು ಬಿಚ್ಚಿದರೆ, ಕೊಡೆಯ ಬಟ್ಟಲಿನಲ್ಲಿ ಒಂದು ಚಮಚದಷ್ಟು ಕಂದು ರಸ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಆ ರಸ ಮನೆಯ ಕಿರಿಯರ ಪಾಲು.

ಎಷ್ಟು ಹೊತ್ತು ಬೇಯಿಸಿದರೂ ಅಣಬೆ ಬದನೆಯಂತೆ ಕರಗಿಹೋಗುವುದಿಲ್ಲ. ಸೊಪ್ಪು ತರಕಾರಿಗಳ ಜೀವಕೋಶದ ಗೋಡೆ ಬಿಸಿಗೆ ಮೆತ್ತಗಾಗುತ್ತದೆ, ಅಣಬೆಯ ಗೋಡೆಯಲ್ಲಿರುವುದಾದರೋ ಏಡಿಯ ಚಿಪ್ಪಿನಲ್ಲಿರುವ ಕೈಟಿನ್. ಹಸಿಯಾಗಿ ತಿಂದರೆ ಅದೇ ಕೈಟಿನ್ ಹೊಟ್ಟೆಗೆ ಭಾರವಾಗುತ್ತದೆ. ಚೆನ್ನಾಗಿ ಬೇಯಿಸಿಯೇ ತಿನ್ನಬೇಕೆಂಬುದಕ್ಕೆ ಇದೂ ಒಂದು ಕಾರಣ. ಹೆಚ್ಚು ಸಿಕ್ಕ ವರ್ಷ ಸೀಳಿದ ಅಣಬೆಯನ್ನು ದಾರಕ್ಕೆ ಪೋಣಿಸಿ ಒಲೆಯ ಮೇಲಿನ ಅಟ್ಟಕ್ಕೆ ತೂಗಿಹಾಕುತ್ತಾರೆ. ಒಂದು ಕೆ.ಜಿ. ಹಸಿ ಅಣಬೆ ಒಣಗಿದರೆ 100 ಗ್ರಾಮಿನಷ್ಟು ಉಳಿಯುತ್ತದೆ, ಆದರೆ ಹೊಗೆಯ ವಾಸನೆ ಹೀರಿದ ಆ ಒಣ ಅಣಬೆಯ ಸಾರು ಕಾರ್ತಿಕದ ಚಳಿಗೆ ಬಹಳ ಚೆನ್ನಾಗಿರುತ್ತದೆ.

ಔಷಧಗುಣದ ವಿಚಾರಕ್ಕೆ ಬಂದರೆ, ನಮ್ಮ ಹಿರಿಯರು ಅಣಬೆಯನ್ನು ಒಮ್ಮೆಗೇ ಒಳ್ಳೆಯದೆಂದು ಹೊಗಳಿದವರಲ್ಲ. ಅಣಬೆ ಶೀತ ಎನ್ನುತ್ತಿದ್ದರು. ಕೆಮ್ಮು, ನೆಗಡಿ ಇದ್ದವರಿಗೆ, ಹಸಿ ಬಾಣಂತಿಯರಿಗೆ ಕೊಡುತ್ತಿರಲಿಲ್ಲ. ಕೊಡುವುದಾದರೆ ಕಾಳುಮೆಣಸು, ಬೆಳ್ಳುಳ್ಳಿ ಹೆಚ್ಚಿಸಿ ಕೊಡುತ್ತಿದ್ದರು. ಈ ತಿಳಿವಳಿಕೆ ಚರಕ ಸಂಹಿತೆಯ ಮಾತಿಗೆ ನೇರವಾಗಿ ಹೊಂದುತ್ತದೆ. ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಚರಕ, ಸರ್ಪಚ್ಛತ್ರಕವೆಂಬ ಬಗೆಯೊಂದನ್ನು ಬಿಟ್ಟು ಉಳಿದ ಅಣಬೆಗಳು ಶೀತ, ಪೀನಸವನ್ನು ಅಂದರೆ ನೆಗಡಿಯನ್ನು ಉಂಟುಮಾಡುವಂಥವು, ಸಿಹಿರಸದವು ಮತ್ತು ಜೀರ್ಣಕ್ಕೆ ಭಾರವಾದವು ಎಂದು ಹೇಳುತ್ತಾನೆ. ಸುಶ್ರುತ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತಾನೆ. ಅವನು ಅಣಬೆಯನ್ನು ಅದು ಹುಟ್ಟಿದ ಜಾಗದಿಂದ ವಿಂಗಡಿಸುತ್ತಾನೆ: ಒಣಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು. ನೆಲದ ಅಣಬೆ ಗುರು ಅಂದರೆ ಜೀರ್ಣಕ್ಕೆ ಭಾರ, ವಾತವನ್ನು ಅಷ್ಟಾಗಿ ಕೆರಳಿಸುವುದಿಲ್ಲ, ಅದರ ಹಿಂರುಚಿ ಅದು ಹುಟ್ಟಿದ ಮಣ್ಣಿನದು ಎಂಬ ಅವನ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಅಣಬೆಗೆ ಸ್ವಂತ ಗುಣವೆಂಬುದು ಅರ್ಧ ಮಾತ್ರ. ಉಳಿದರ್ಧ ಅದು ಏನನ್ನು ತಿಂದು ಬೆಳೆಯಿತೋ ಅದರದು. ಇಂದಿನ ವಿಜ್ಞಾನವೂ ಅಣಬೆಗಳು ಮಣ್ಣಿನ ತಾಮ್ರ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ ಎಂದು ತೋರಿಸಿದೆ. ಕಾಫಿಯ ಎಲೆತುಕ್ಕು ರೋಗಕ್ಕೆ ಮಳೆಗಾಲದ ಮೊದಲು ಬೋರ್ಡೋ ದ್ರಾವಣ ಹೊಡೆಯುವ ತೋಟಗಳಲ್ಲಿ ಅದರ ತಾಮ್ರವೆಲ್ಲ ಕೊನೆಗೆ ಮೇಲ್ಮಣ್ಣಿಗೇ ಇಳಿಯುವುದರಿಂದ, ಸುಶ್ರುತನ ಮಾತನ್ನು ನಾವು ಇವತ್ತು ಹಿಂದಿಗಿಂತ ಹೆಚ್ಚು ಗಮನವಿಟ್ಟು ಓದಬೇಕಾಗಿದೆ.

ಇನ್ನೊಂದು ಕಡೆ, ದ್ವಿಜರಿಗೆ ಬೆಳ್ಳುಳ್ಳಿ ಈರುಳ್ಳಿಗಳ ಜೊತೆ ಅಣಬೆಯೂ ಅಭಕ್ಷ್ಯವೆಂದು ಮನುಸ್ಮೃತಿ ಹೇಳುತ್ತದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಅಣಬೆ ಒಳಗೆ ಬಾರದಿರುವುದಕ್ಕೆ ಆ ಪರಂಪರೆ ಕಾರಣ.

ಗುಣವೆಂದು ಹೇಳುವುದಾದರೆ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಗೆ, ಬಾಯಿರುಚಿ ಕೆಟ್ಟವರಿಗೆ ಅಣಬೆಯ ತಿಳಿಸಾರನ್ನು ಕೊಡುವ ರೂಢಿ ಇದೆ. ಇದೇ ಕುಲದ ಅಣಬೆಯನ್ನು ಚೀನಾದ ಯುನ್ನಾನ್ ಪ್ರಾಂತದಲ್ಲಿ ಜೀಜೊಂಗ್ ಎನ್ನುತ್ತಾರೆ. 16ನೆಯ ಶತಮಾನದ ವೈದ್ಯ ಲೀ ಶಿಜೆನ್ ತನ್ನ ಔಷಧಕೋಶದಲ್ಲಿ ಅದು ಹೊಟ್ಟೆಗೆ ಹಿತ, ಮನಸ್ಸನ್ನು ತಿಳಿಯಾಗಿಸುತ್ತದೆ, ಮೂಲವ್ಯಾಧಿಗೆ ಒಳ್ಳೆಯದು ಎಂದು ಬರೆದಿದ್ದಾನೆ. ಎಲ್ಲಿಯ ಯುನ್ನಾನ್, ಎಲ್ಲಿಯ ಕಳಸ. ಹೊಟ್ಟೆಗೆ ಹಿತವೆಂಬ ಮಾತು ಮಾತ್ರ ಎರಡೂ ಕಡೆ ಇದೆ. ಇತ್ತೀಚಿನ ದಶಕಗಳಲ್ಲಿ ಈ ಅಣಬೆಗಳಿಂದ ಸೆರೆಬ್ರೊಸೈಡ್ ಗುಂಪಿನ ಕೆಲವು ಪದಾರ್ಥಗಳನ್ನು ಬೇರ್ಪಡಿಸಲಾಗಿದ್ದು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳಲ್ಲಿ ಅವು ನರದ ಎಳೆಯಂಥ ಚಾಚುಗಳನ್ನು ಬೆಳೆಸಿದ್ದು ವರದಿಯಾಗಿದೆ. ಅಣಬೆಯ ಜೀವಕೋಶದ ಗೋಡೆಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರಿನ ಬಗ್ಗೆಯೂ ಸಾಕಷ್ಟು ಅಧ್ಯಯನ ನಡೆದಿದೆ. ಇವು ಭರವಸೆಯ ಸಂಗತಿಗಳೇ. ಆದರೆ ತಟ್ಟೆಯಲ್ಲಿಟ್ಟ ಜೀವಕೋಶಕ್ಕೂ ಊಟದ ತಟ್ಟೆಯ ಮುಂದೆ ಕೂತ ಮನುಷ್ಯನಿಗೂ ನಡುವೆ ಬಹಳ ದೂರವಿದೆ. ಹುತ್ತದ ಅಣಬೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಗಡ್ಡೆ ಕರಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತುಗಳಿಗೆ ಈ ಅಧ್ಯಯನಗಳು ಆಧಾರವಾಗುವುದಿಲ್ಲ.

ಪೋಷಣೆಯ ಲೆಕ್ಕದಲ್ಲೂ ಅತಿಶಯೋಕ್ತಿ ಇದೆ. ಒಣತೂಕದಲ್ಲಿ ಅಣಬೆಯ ಪ್ರೋಟೀನ್ ಶೇ 20ನ್ನು ದಾಟುವುದುಂಟು, ಅದನ್ನು ಹಿಡಿದು ಮಾಂಸಕ್ಕೆ ಸಮ ಎನ್ನುತ್ತಾರೆ. ಆದರೆ ನಾವು ಬೇಯಿಸುವುದು ಹಸಿ ಅಣಬೆಯನ್ನು. ಅದರ 100 ಗ್ರಾಮಿನಲ್ಲಿ ಸಿಗುವ ಪ್ರೋಟೀನ್ ಎರಡು ಮೂರು ಗ್ರಾಮಷ್ಟೇ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಪದಾರ್ಥವಿದ್ದು, ಬಿಸಿಲಿಗೊಡ್ಡಿದಾಗ ಅದು ವಿಟಮಿನ್ ಡಿ2 ಆಗಿ ಮಾರ್ಪಡುತ್ತದೆ ಎಂಬುದು ನಿಜ. ಆಷಾಢದಲ್ಲಿ ಶೃಂಗೇರಿ, ಕೊಪ್ಪದ ಕಡೆ ಆ ಬಿಸಿಲು ಸಿಗುವುದು ಅಪರೂಪ.

ಹುತ್ತಕ್ಕೆ ಸಂಬಂಧಪಟ್ಟ ಔಷಧಗಳಲ್ಲಿ ಹೆಚ್ಚು ಗಟ್ಟಿಯಾದದ್ದು ನಾವು ತಿನ್ನುವ ಅಣಬೆಯಲ್ಲ, ಅದರ ಕಳೆ. ಹುತ್ತದ ತಟ್ಟಿಯಲ್ಲಿ ಕ್ಸೈಲೇರಿಯ ಎಂಬ ಇನ್ನೊಂದು ಶಿಲೀಂಧ್ರ ಸದಾ ಹೊಂಚು ಹಾಕಿರುತ್ತದೆ. ಗೆದ್ದಲು ಜೀವಂತವಾಗಿರುವವರೆಗೆ ಅದು ತಲೆಯೆತ್ತುವುದಿಲ್ಲ. ಗೂಡು ಪಾಳುಬಿದ್ದ ಮೇಲೆ ಕಪ್ಪು ಕಡ್ಡಿಗಳಾಗಿ ನೆಲದಿಂದ ಏಳುತ್ತದೆ, ಒಳಗೆ ಕಪ್ಪು ಗೆಡ್ಡೆ ಕಟ್ಟುತ್ತದೆ. ಚೀನಾದಲ್ಲಿ ಆ ಗೆಡ್ಡೆಯನ್ನು ವೂಲಿಂಗ್ ಶೆನ್ ಎಂದು ಕರೆದು ನಿದ್ರಾಹೀನತೆಗೆ ಬಳಸುತ್ತಾರೆ. ಈಗ ಅದರ ಎಳೆಗಳನ್ನು ಕಾರ್ಖಾನೆಯಲ್ಲಿ ಹುದುಗಿಸಿ ಮಾಡಿದ ಕ್ಯಾಪ್ಸೂಲ್ ಅಲ್ಲಿ ಔಷಧವಾಗಿ ಮಾರಾಟದಲ್ಲಿದ್ದು, ರೋಗಿಗಳ ಮೇಲಿನ ಪರೀಕ್ಷೆಗಳೂ ನಡೆದಿವೆ. ಕೇರಳದಲ್ಲಿ ಅದೇ ಬಗೆಯ ಗೆಡ್ಡೆಗೆ ನಿಲಮಾಂಗ ಎಂಬ ಹೆಸರಿದ್ದು, ನಾಟಿವೈದ್ಯದಲ್ಲಿ ಅದಕ್ಕೆ ಸ್ಥಾನವಿದೆ. ಹುತ್ತದ ಮಣ್ಣೂ ಔಷಧವೇ. ತೊಡೆ ಜಡಗಟ್ಟುವ ಊರುಸ್ತಂಭವೆಂಬ ರೋಗಕ್ಕೆ ವಲ್ಮೀಕ ಮೃತ್ತಿಕೆಯಿಂದ ಉಜ್ಜುವ ಚಿಕಿತ್ಸೆಯನ್ನು ಚರಕ ಹೇಳಿದ್ದಾನೆ, ನಮ್ಮ ಹಳ್ಳಿಗಳಲ್ಲಿ ಬಾವು ಬಂದ ಕಡೆ ಹುತ್ತದ ಮಣ್ಣು ಕಲಸಿ ಹಚ್ಚುವುದು ಇಂದಿಗೂ ಇದೆ.

ಸಂಜೀವಿನಿಯೆಂಬಂತೆ ಇಂದು ಡಬ್ಬಿಗಳಲ್ಲಿ ಬರುವ ರೀಶಿ ಅಣಬೆಯ ಬಗ್ಗೆ ಒಂದು ಮಾತು. ಅದು ಗ್ಯಾನೊಡರ್ಮ ಕುಲದ್ದು. ಅದೇ ಕುಲದ ಬೇರೆ ಜಾತಿಗಳು ಅಡಿಕೆ, ತೆಂಗಿನ ಬುಡಕ್ಕೆ ಹತ್ತಿ ಮರವನ್ನೇ ಕೊಲ್ಲುತ್ತವೆ; ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಗಾರರಿಗೆ ಅಣಬೆ ರೋಗವೆಂದರೆ ಇದೇ. ಕುಲ ಒಂದೇ ಎಂಬ ಕಾರಣಕ್ಕೆ ಅಂಥ ಮರದ ಬುಡದಿಂದ ಕಿತ್ತು ಪುಡಿಮಾಡಿ ಕುಡಿಯಬಾರದು.

ವಿಷದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ತೋಟದ ಲೈನು ಮನೆಗಳಲ್ಲಿ, ದೂರದ ರಾಜ್ಯದಿಂದ ಕೆಲಸಕ್ಕೆ ಬಂದಿದ್ದ ಒಂದು ಕುಟುಂಬ ಕಣದ ಪಕ್ಕದ ಹುಲ್ಲಿನಲ್ಲಿ ಎದ್ದಿದ್ದ ದೊಡ್ಡ ಬಿಳಿ ಅಣಬೆಗಳನ್ನು ಬೇಯಿಸಿ ತಿಂದಿತು. ಎರಡು ಗಂಟೆಯೊಳಗೆ ನಾಲ್ವರಿಗೂ ವಾಂತಿ, ಭೇದಿ. ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದಾಗ ನಾನೂ ಜೊತೆಯಲ್ಲಿದ್ದೆ. ಡ್ರಿಪ್ ಹಾಕಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಪಾತ್ರೆಯ ಪಕ್ಕದಲ್ಲಿ ಉಳಿದಿದ್ದ ಒಂದು ಬಲಿತ ಕೊಡೆಯನ್ನು ಮಗುಚಿ ನೋಡಿದರೆ ಅದರ ಅಡಿಯ ಪದರಗಳು ಪಾಚಿಹಸಿರಿಗೆ ತಿರುಗಿದ್ದವು. ಅದು ಹುಲ್ಲುಹಾಸುಗಳಲ್ಲಿ ಏಳುವ, ಹಸಿರು ಬೀಜಕಣದ ಕ್ಲೋರೊಫಿಲ್ಲಮ್. ಎಳೆಯದಿದ್ದಾಗ ಅದರ ಪದರಗಳೂ ಬೆಳ್ಳಗಿದ್ದು, ಹುತ್ತದ ಅಣಬೆಯೆಂದೇ ಮೋಸ ಹೋಗುವಂತಿರುತ್ತದೆ. ಆ ಮನೆಯ ಹೆಂಗಸಿಗೆ ತನ್ನೂರಿನ ಕಾಡಿನ ಅಣಬೆಗಳು ಚೆನ್ನಾಗಿ ಗೊತ್ತಿದ್ದವು. ಅಣಬೆಯ ತಿಳಿವಳಿಕೆ ಊರು ಬಿಟ್ಟರೆ ಜೊತೆಗೆ ಬರುವುದಿಲ್ಲ ಎಂಬುದನ್ನು ನಾನು ಅಂದು ಕಲಿತೆ.

ಬೇಗ ವಾಂತಿ ಬರಿಸುವ ಅಣಬೆ ಹಿಂಸೆ ಕೊಟ್ಟರೂ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ತಡವಾಗಿ ಬರಿಸುವುದೇ ಪ್ರಾಣಾಂತಿಕ. ಅಮನಿಟ ಕುಲದ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ವಿಷ, ಜೀವಕೋಶ ತನ್ನ ಪ್ರೋಟೀನುಗಳನ್ನು ತಯಾರಿಸಲು ಬೇಕಾದ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ತಿಂದು ಆರರಿಂದ ಹನ್ನೆರಡು ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ತೀವ್ರ ವಾಂತಿ ಭೇದಿ. ಮರುದಿನ ಸುಧಾರಿಸಿದಂತೆ ಕಂಡು ಮನೆಯವರು ನಿಶ್ಚಿಂತರಾಗುತ್ತಾರೆ. ಆ ಹೊತ್ತಿನಲ್ಲೇ ಯಕೃತ್ತು ಸಾಯುತ್ತಿರುತ್ತದೆ. ಈ ವಿಷ ಬೇಯಿಸಿದರೂ, ಒಣಗಿಸಿದರೂ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು. ಆದ್ದರಿಂದ ಅಣಬೆ ತಿಂದ ಮೇಲೆ ತಡವಾಗಿ ಹೊಟ್ಟೆ ಕೆಟ್ಟರೆ, ಕಡಿಮೆಯಾಯಿತೆಂದು ಕಾಯದೆ, ಉಳಿದ ಅಣಬೆಯ ಒಂದು ತುಣುಕನ್ನು ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಬೆಳ್ಳಿಯ ನಾಣ್ಯ ಕಪ್ಪಾಗುತ್ತದೆ, ಅರಿಶಿನದ ಬಣ್ಣ ಬದಲಾಗುತ್ತದೆ, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಪರೀಕ್ಷೆಗಳು ಯಾವುವೂ ಸತ್ಯವಲ್ಲ. ಅಮಟಾಕ್ಸಿನ್ ಬೆಳ್ಳಿಯನ್ನೂ ಕಪ್ಪು ಮಾಡುವುದಿಲ್ಲ, ಅರಿಶಿನವನ್ನೂ ಕೆಂಪು ಮಾಡುವುದಿಲ್ಲ, ಬಸವನಹುಳು ಅದನ್ನು ತಿಂದು ಬದುಕಬಲ್ಲದು. ಅಮ್ಮ ಅಗೆದು ನೋಡುವ ಕ್ರಮ ಇವೆಲ್ಲಕ್ಕಿಂತ ಮೇಲು. ಅಮನಿಟದ ಬುಡವನ್ನು ಅಗೆದರೆ ಮೊಟ್ಟೆಯ ಚಿಪ್ಪಿನಂಥ ಒಂದು ಚೀಲ ಅಥವಾ ಗಡ್ಡೆ ಸಿಗುತ್ತದೆ. ಎಳೆದು ಕಿತ್ತರೆ ಆ ಚೀಲ ಮಣ್ಣಿನಲ್ಲೇ ಉಳಿದು, ಕೈಯಲ್ಲಿ ಬರುವುದು ಮುಗ್ಧವಾಗಿ ಕಾಣುವ ಬಿಳಿ ಅಣಬೆ. ಹುತ್ತದ ಅಣಬೆಗೆ ಚೀಲವಿರುವುದಿಲ್ಲ, ತಟ್ಟಿಯವರೆಗೆ ಇಳಿಯುವ ಬೇರಿರುತ್ತದೆ. ಕಾಲಿನ ಸುತ್ತ ಉಂಗುರವಿರುವುದು ಇಲ್ಲದಿರುವುದು ಗುರುತಲ್ಲ. ಹೈಮಿ ಜಾತಿಯ ಹುತ್ತದ ಅಣಬೆಗೂ ದಪ್ಪ ಉಂಗುರವಿದೆ. ಅರಳಿದ ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲಿಟ್ಟು, ರಾತ್ರಿಯಿಡೀ ಪಾತ್ರೆ ಮುಚ್ಚಿಟ್ಟರೆ ಬೀಜಕಣಗಳ ಅಚ್ಚು ಬೀಳುತ್ತದೆ: ಹುತ್ತದ ಅಣಬೆಯದು ನಸುಗುಲಾಬಿ, ಅಮನಿಟದ್ದು ಬಿಳಿ, ಕ್ಲೋರೊಫಿಲ್ಲಮ್‌ನದು ಹಸಿರು. ಗುಲಾಬಿ ಅಚ್ಚಿನ ವಿಷದ ಅಣಬೆಗಳೂ ಇರುವುದರಿಂದ ಈ ಗುರುತುಗಳೆಲ್ಲ ಒಟ್ಟಿಗೆ ಕೂಡಬೇಕು, ಒಂದೇ ಗುರುತನ್ನು ನಂಬಿ ಒಲೆ ಹಚ್ಚಬಾರದು. ಆ ಜಾಗದ ಅಣಬೆಯನ್ನು ವರ್ಷಗಳಿಂದ ತಿಂದು ಬಲ್ಲವರು ನೋಡಿ ಹೂಂ ಎನ್ನದಿದ್ದರೆ ಬಿಟ್ಟುಬಿಡುವುದೇ ಸರಿ. ಬೇರಿಲ್ಲದ ಅಕ್ಕಿ ಅಣಬೆಯ ವಿಷಯದಲ್ಲಂತೂ ಇದು ಇನ್ನೂ ಮುಖ್ಯ.

ಸಕಲೇಶಪುರದಿಂದ ಬಾಳೆಹೊನ್ನೂರಿನವರೆಗೆ ಯಾರನ್ನು ಕೇಳಿದರೂ ಅಣಬೆ ಮೊದಲಿನಷ್ಟು ಏಳುವುದಿಲ್ಲ ಎನ್ನುತ್ತಾರೆ. ಜೆಸಿಬಿಯಿಂದ ಬರೆಯನ್ನು ತಟ್ಟು ಮಾಡಿದಾಗ ಹುತ್ತ ಹೋಗುತ್ತದೆ. ಗೆದ್ದಲಿಗೆ ಹೊಯ್ಯುವ ಕೀಟನಾಶಕ ಗೂಡನ್ನೇ ಕೊಲ್ಲುತ್ತದೆ. ಹಲಸು, ಅತ್ತಿ, ನಂದಿಯಂಥ ಕಾಡುಮರಗಳ ನೆರಳು ಹೋಗಿ ಸಿಲ್ವರ್ ಓಕ್ ಒಂದೇ ಉಳಿದಾಗ ದರಗಿನ ವೈವಿಧ್ಯ ಇಲ್ಲವಾಗುತ್ತದೆ. ನಾಗರಪಂಚಮಿಗೆ ಹಾಲೆರೆಯುವ ಹುತ್ತಗಳನ್ನು ಮಾತ್ರ ಯಾರೂ ಮುಟ್ಟಿಲ್ಲ, ನಮ್ಮೂರಿನಲ್ಲಿ ಇಂದಿಗೂ ತಪ್ಪದೆ ಅಣಬೆ ಏಳುವುದು ಅಂಥ ಎರಡು ಕಡೆ.

ಕೀಳುವವರ ಕೈಯಲ್ಲೂ ಒಂದು ಸಂಗತಿ ಇದೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಬಂದು ಹಾರುವ ಗೆದ್ದಲಿನ ಜೋಡಿಗಳು ಹೊಸ ಗೂಡು ಕಟ್ಟುವಾಗ, ನಮ್ಮ ಸೀಮೆಯ ಗೆದ್ದಲುಗಳಲ್ಲಿ ಹೆಚ್ಚಿನವು ಶಿಲೀಂಧ್ರವನ್ನು ತವರಿನಿಂದ ಒಯ್ಯುವುದಿಲ್ಲ. ಹೊಸ ಗೂಡಿನ ಮೊದಲ ಕೆಲಸಗಾರ ಹುಳುಗಳು ಕೆಲವು ವಾರಗಳ ಬಳಿಕ ಹೊರಬಂದು, ಸೊಪ್ಪಿನ ಜೊತೆ ನೆಲದ ಮೇಲೆ ಬಿದ್ದಿರುವ ಅಣಬೆಯ ಬೀಜಕಣಗಳನ್ನು ಹೆಕ್ಕಿಕೊಂಡು ಹೋದರೆ ಮಾತ್ರ ಅಲ್ಲಿ ತಟ್ಟಿ ಹುಟ್ಟುತ್ತದೆ. ಆ ಬೀಜಕಣ ಬರುವುದು ಪೂರ್ತಿ ಅರಳಿದ ಕೊಡೆಗಳಿಂದ. ಮೊಗ್ಗಾಗಿರುವಾಗಲೇ ಒಂದನ್ನೂ ಬಿಡದೆ ಕಿತ್ತರೆ ಹಳೆಯ ಹುತ್ತಕ್ಕೆ ನಷ್ಟವಿಲ್ಲ, ಆದರೆ ಸುತ್ತಲಿನ ಹೊಸ ಗೂಡುಗಳಿಗೆ ಬೀಜ ಸಿಗುವುದಿಲ್ಲ. ಅಮ್ಮ ಪ್ರತಿ ಗುಂಪಿನಲ್ಲೂ ನಾಲ್ಕೈದು ದೊಡ್ಡ ಅಣಬೆಗಳನ್ನು ಅರಳಿ ಕೊಳೆಯಲು ಬಿಡುತ್ತಾರೆ. ಅಗೆದು ನೋಡಿದ ಗುಂಡಿಗೆ ಅದೇ ಮಣ್ಣನ್ನು ತುಂಬಿ, ಮಳೆನೀರು ಗೂಡಿನೊಳಗೆ ಇಳಿಯದಂತೆ ಕೈಯಿಂದ ಒತ್ತಿ, ಮೇಲೆ ಒಂದು ಹಿಡಿ ದರಗು ಎಳೆದು ಮುಚ್ಚಿ, ಆಮೇಲೆ ಬುಟ್ಟಿ ಎತ್ತಿಕೊಳ್ಳುತ್ತಾರೆ.